ಪಥ್ಯ (ಜನವರಿ ಮಾಡೆಲ್): ಬಳಸುವ ವಿಧಾನ



ಡಿಸೆಂಬರ್ 31ರ ರಾತ್ರಿ ಹನ್ನೊಂದೂ ಮುಕ್ಕಾಲರ ಸುಮಾರಿಗೆ, ಎರಡನೇ ತುಂಡು ಕೇಕಿಗೂ ಮೂರನೆಯದಕ್ಕೂ ನಡುವೆ, ತಾವು ಮನಸ್ಸಿನಲ್ಲೇ ಖರೀದಿಸಿದ ಈ ಉಪಕರಣಕ್ಕಾಗಿ ಅಭಿನಂದನೆಗಳು. ಮಿಕ್ಸಿಯ ಜೊತೆ ಬರುವ ಪುಸ್ತಿಕೆಯನ್ನು ಯಾರೂ ಓದುವುದಿಲ್ಲ ಎಂಬುದು ಕಂಪನಿಗೆ ಗೊತ್ತು. ಜಾರ್ ಕೆಟ್ಟ ದಿನ ವಾರಂಟಿ ಪುಟ ಬೇಕಾಗುತ್ತದೆಂದು ಅದನ್ನು ಟಿವಿ ಕೆಳಗಿನ ಡ್ರಾಯರಿಗೆ ತುರುಕಿರುತ್ತೇವೆ, ಅಷ್ಟೆ. ಇದನ್ನಾದರೂ ದಯವಿಟ್ಟು ಓದಿ. ಈ ಉಪಕರಣ ಸಾಮಾನ್ಯವಾಗಿ ಸಂಕ್ರಾಂತಿಯ ಆಸುಪಾಸಿನಲ್ಲಿ ಕೆಡುತ್ತದೆ. ಕೆಟ್ಟಾಗ ಬಳಕೆದಾರರು ತಮ್ಮ ಮನೋಬಲವನ್ನು ಬೈದುಕೊಳ್ಳುತ್ತಾರೆ. ಪಾಪ, ಮನೋಬಲದ ತಪ್ಪು ಅದರಲ್ಲಿ ಕಡಿಮೆ. ತಪ್ಪು ಯಾರದೆಂಬುದನ್ನು ಮುಂದೆ ‘ಎಚ್ಚರಿಕೆ’ ಭಾಗದಲ್ಲಿ ಹೇಳಲಾಗಿದೆ. ಇವತ್ತೇ ಯಾರದಾದರೂ ಮನೆಗೆ ಊಟಕ್ಕೆ ಹೊರಟಿರುವವರು ನೇರವಾಗಿ ಅಲ್ಲಿಗೇ ಹೋಗಬಹುದು.

ಡಬ್ಬದೊಳಗೆ ಏನೇನಿದೆ

ಓಟ್ಸ್ ಒಂದು ಕೆಜಿ. ಚಿಯಾ ಬೀಜ ಒಂದು ಪೊಟ್ಟಣ. ಕಾಮಕಸ್ತೂರಿ ಬೀಜವೂ ಹೀಗೇ ನೀರಿನಲ್ಲಿ ಉಬ್ಬುತ್ತದೆ, ಇದರಲ್ಲಿ ಬೆಲೆಯೂ ಜೊತೆಗೆ ಉಬ್ಬಿದೆ. ಗ್ರೀನ್ ಟೀ. ಎಷ್ಟು ಗಂಟೆಗೆ ಎಷ್ಟು ನೀರು ಕುಡಿಯಬೇಕೆಂದು ಮೈಮೇಲೆ ಗೆರೆ ಎಳೆದುಕೊಂಡಿರುವ ಬಾಟಲಿ. ತೂಕದ ಯಂತ್ರ. ಫೋನಿಗೊಂದು ಆ್ಯಪ್.

ಇವುಗಳಲ್ಲಿ ಯಾವುದು ಕಾಣೆಯಾಗಿದ್ದರೂ ಉಪಕರಣ ನಡೆಯುತ್ತದೆ. ಆ್ಯಪ್ ಬಗ್ಗೆ ಮಾತ್ರ ಒಂದು ಮಾತು. ನೀವು ತಿಂದದ್ದನ್ನೆಲ್ಲ ಅದಕ್ಕೆ ವರದಿ ಮಾಡಬೇಕು. ‘ಬಸ್ಸಾರು’ ಎಂದರೆ ಅದಕ್ಕೆ ತಿಳಿಯುವುದಿಲ್ಲ, ‘ಮಸ್ಸೊಪ್ಪು’ ಎಂದರೆ ಏನೋ ಅಕ್ಷರ ತಪ್ಪಾಗಿದೆ ಎನ್ನುತ್ತದೆ, ‘ಉಪ್ಸಾರು’ ಎಂದರೆ ಸಾಂಬಾರಾ ಎಂದು ಕೇಳುತ್ತದೆ. ಹೌದೆನ್ನಿ. ಯಂತ್ರದ ಜೊತೆ ವಾದ ಮಾಡುತ್ತ ಕೂತರೆ ಮುದ್ದೆ ಆರಿಹೋಗುತ್ತದೆ.

ಮುಹೂರ್ತ

ಜನವರಿ 1ಕ್ಕೆ ಶುರು ಮಾಡಬೇಕೆಂಬುದು ಬಹುಜನರ ಆಸೆ. ಅದು ಆಗುವ ಮಾತಲ್ಲ. ಅರ್ಧ ಕೇಕ್ ಇನ್ನೂ ಫ್ರಿಜ್ಜಿನಲ್ಲಿರುತ್ತದೆ, ಎಸೆಯುವುದು ಪಾಪ. ಬೆಳಗ್ಗೆ ದೇವಸ್ಥಾನಕ್ಕೆ ಹೋಗಿಬರಬೇಕು. ಮೈಸೂರಿನವರಾದರೆ ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಆವತ್ತು ಲಕ್ಷಗಟ್ಟಲೆ ಲಡ್ಡು ಹಂಚುತ್ತಾರೆ; ಸಾಲಿನಲ್ಲಿ ನಿಂತು, ಕೈ ಮುಂದೆ ಚಾಚಿ, ‘ನನಗೆ ಬೇಡ, ಶುಗರ್ ಫ್ರೀ ಇದೆಯಾ’ ಎಂದು ಕೇಳುವ ಧೈರ್ಯ ಯಾರಿಗಿದೆ? ಪ್ರಸಾದ ಕ್ಯಾಲೊರಿ ಲೆಕ್ಕಕ್ಕೆ ಬರುವುದಿಲ್ಲವೆಂಬುದು ನಮ್ಮಲ್ಲಿ ಸರ್ವಸಮ್ಮತ.

ಸರಿ, 2ನೇ ತಾರೀಕು? ಅದು ಅವರೆಕಾಯಿ ಕಾಲ. ಬೆಂಗಳೂರಿನಲ್ಲಿ ವರ್ಷವರ್ಷವೂ ಅವರೆಬೇಳೆ ಮೇಳ ನಡೆಯುವುದು ಈ ದಿನಗಳಲ್ಲೇ. ಸೊಗಡವರೆಯ ವಾಸನೆ ಮಾರುಕಟ್ಟೆಯ ತುಂಬ ಹಬ್ಬಿರುವಾಗ ಒಂದು ಬಟ್ಟಲು ಓಟ್ಸ್ ಮುಂದಿಟ್ಟುಕೊಂಡು ಕೂರುವವರಿಗೆ ಕಂಪನಿಯ ಗೌರವವಿದೆ, ಶಿಫಾರಸು ಇಲ್ಲ. ಕಲಬುರಗಿ, ಬೀದರ್ ಕಡೆಯವರಿಗೆ ಡಿಸೆಂಬರ್-ಜನವರಿ ನಡುವೆ ಎಳ್ಳ ಅಮಾವಾಸ್ಯೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ತಿನ್ನುವ ಹಬ್ಬ. ಈ ಭಜ್ಜಿ ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ. ಆ ಋತುವಿನಲ್ಲಿ ಹೊಲದಲ್ಲಿ ಸಿಗುವ ಹಸಿಕಾಳು, ಸೊಪ್ಪು, ತರಕಾರಿಗಳನ್ನೆಲ್ಲ ಕಡಲೆಹಿಟ್ಟಿನೊಂದಿಗೆ ಕುದಿಸಿದ ಪಲ್ಯ. ಪೌಷ್ಟಿಕತಜ್ಞರು ‘ದಿನಕ್ಕೆ ಹಲವು ಬಗೆಯ ಕಾಳು, ಹಲವು ಬಗೆಯ ಸೊಪ್ಪು’ ಎಂದು ಬರೆದುಕೊಡುವ ಚೀಟಿಯನ್ನು ಯಾರೋ ಒಲೆಯ ಮೇಲಿಟ್ಟು ಬೇಯಿಸಿದ್ದಾರೆ. ಆ ದಿನ ಪಥ್ಯ ಮುರಿಯಿತೆಂದು ಕೊರಗುವವರು ಏನು ಮುರಿದೆವೆಂದು ಒಮ್ಮೆ ತಟ್ಟೆ ನೋಡಿಕೊಳ್ಳಲಿ.

ಆಮೇಲೆ ಸಂಕ್ರಾಂತಿ. ಎಳ್ಳು, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ. ಒಂದೊಂದೂ ಒಳ್ಳೆಯದೇ, ಚಳಿಗಾಲಕ್ಕೆ ಹೇಳಿ ಮಾಡಿಸಿದ್ದೇ. ಆದರೆ ನೂರು ಗ್ರಾಂ ಎಳ್ಳು-ಬೆಲ್ಲದಲ್ಲಿ ಸುಮಾರು 500 ಕ್ಯಾಲೊರಿ ಇರುತ್ತದೆ. ಹಿಂದೆ ಇದು ಲೆಕ್ಕಕ್ಕೆ ಬರುತ್ತಿರಲಿಲ್ಲ, ಏಕೆಂದರೆ ಕೊಬ್ಬರಿ ಹೆಚ್ಚುವವರೂ ಬೆಲ್ಲ ಕತ್ತರಿಸುವವರೂ ಮನೆಯವರೇ. ವಾರಗಟ್ಟಲೆ ಕೂತು ಹೆಚ್ಚಿ ಬಿಸಿಲಿಗಿಟ್ಟದ್ದು ಮನೆಮನೆಗೆ ಹಂಚಿ ಮುಗಿಯುತ್ತಿತ್ತು. ಈಗ ಕಾಲು ಕೆಜಿ ಪ್ಯಾಕೆಟ್ ಡಿಸೆಂಬರಿನಲ್ಲೇ ಅಂಗಡಿಗೆ ಬರುತ್ತದೆ, ಟಿವಿ ಮುಂದೆ ಕೂತು ಮುಗಿಸಬಹುದು.

ಇಲ್ಲಿ ಕಂಪನಿಗೆ ಒಂದು ಮಾತು ಹೇಳುವುದಿದೆ. ನಮ್ಮ ಅಡುಗೆಯಲ್ಲಿ ಕೆಟ್ಟದ್ದು ತೀರಾ ಕಡಿಮೆ. ಕೆಟ್ಟಿರುವುದು ಕ್ಯಾಲೆಂಡರ್. ಹಬ್ಬದ ಅಡುಗೆ ಹಬ್ಬದ ದಿನದಿಂದ ತಪ್ಪಿಸಿಕೊಂಡು ಬೀದಿಗೆ ಬಂದಿದೆ. ಯುಗಾದಿಗೊಂದು, ಗೌರಿಗೊಂದು, ನೆಂಟರು ಬಂದರೆ ಇನ್ನೊಂದು ಎಂದು ವರ್ಷಕ್ಕೆ ಬೆರಳಲ್ಲಿ ಎಣಿಸುವಷ್ಟು ಸಲ ಹಂಚಿನ ಮೇಲೆ ಏರುತ್ತಿದ್ದ ಹೋಳಿಗೆ ಈಗ ಪ್ರತಿ ಬಡಾವಣೆಯ ಹೋಳಿಗೆ ಅಂಗಡಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಬೇಯುತ್ತಿದೆ, ಕಾಯಿ, ಬೇಳೆ, ಖರ್ಜೂರ, ಕ್ಯಾರೆಟ್, ಬೇಕಾದ್ದು ಕೇಳಿ. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು ಕೃಷ್ಣಾಷ್ಟಮಿಗೆ ಕಾಯುತ್ತಿಲ್ಲ. ಹಬ್ಬ ಮಾತ್ರ ಬಂದಿದ್ದರೆ ಪಥ್ಯ ತಾಳಿಕೊಳ್ಳುತ್ತಿತ್ತು. ಬುಧವಾರ ಸಂಜೆಗಳನ್ನು ತಾಳಿಕೊಳ್ಳುವ ಶಕ್ತಿ ಈ ಮಾಡೆಲ್ಲಿಗಿಲ್ಲ.

ಆದ್ದರಿಂದ ಮುಹೂರ್ತ ಹುಡುಕಬೇಡಿ. ಯಾವುದಾದರೊಂದು ಹಬ್ಬವಿಲ್ಲದ ಬುಧವಾರ ಶುರು ಮಾಡಿ.

ಬೆಳಗಿನ ಚಾಲನೆ

ಕೆಲವರು ಎದ್ದ ಕೂಡಲೇ ಬಿಸಿನೀರಿಗೆ ಜೇನುತುಪ್ಪ, ನಿಂಬೆರಸ ಹಾಕಿ ಕುಡಿಯುತ್ತಾರೆ. ಕುಡಿಯಿರಿ. ಬಾಯಿಗೆ ಹಿತ, ಮನಸ್ಸಿಗೆ ಏನೋ ಮಾಡಿದ ಸಮಾಧಾನ. ಜೇನೂ ಸಕ್ಕರೆಯ ಬಳಗದ್ದೇ ಎಂಬುದನ್ನು ಮರೆಯದಿದ್ದರೆ ಸಾಕು. ಬೆಲ್ಲದ ವಿಷಯವೂ ಅದೇ. ಸಕ್ಕರೆ ಬಿಟ್ಟೆವೆಂದು ಬೆಲ್ಲದ ಕಾಫಿಗೆ ಬಂದವರು ಮನೆ ಬದಲಿಸಿದ್ದಾರೆ, ಬೀದಿ ಅದೇ.

ತಿಂಡಿಗೆ ಇಡ್ಲಿ ಆದೀತು, ಹಬೆಯಲ್ಲಿ ಬೆಂದದ್ದು. ಇಡ್ಲಿ ಎರಡು, ಅದರ ಜೊತೆ ಒಂದು ವಡೆ ಮುಳುಗಿಸಿ ಎಂದು ದರ್ಶಿನಿಯಲ್ಲಿ ಹೇಳುವಾಗ ನಿಮ್ಮ ಧ್ವನಿ ತಗ್ಗುತ್ತದೆ ನೋಡಿ, ಅದು ಉಪಕರಣದ ಸೂಚಕ ದೀಪ. ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥ.

ಕಾಫಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಭಾರತೀಯರಿಗೆ ಆಹಾರದ ಮಾರ್ಗಸೂಚಿ ಹೊರಡಿಸಿತು. 17 ಸೂತ್ರಗಳು. ಎಲ್ಲವನ್ನೂ ಓದಿ ತಲೆಯಾಡಿಸಿದ ಕನ್ನಡಿಗರು ಒಂದು ಕಡೆ ಬಂದು ನಿಂತುಬಿಟ್ಟರು: ಊಟ-ತಿಂಡಿಯ ಹಿಂದೆ ಒಂದು ಗಂಟೆ, ಮುಂದೆ ಒಂದು ಗಂಟೆ ಕಾಫಿ, ಟೀ ಕುಡಿಯಬಾರದಂತೆ! ಅವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ ಎಂಬುದು ಕಾರಣ. ಕಾರಣ ಸರಿಯಾಗಿಯೇ ಇದೆ; ರಕ್ತಹೀನತೆ ಇರುವ ಹೆಣ್ಣುಮಕ್ಕಳ ಮಟ್ಟಿಗಂತೂ ಇದು ತಮಾಷೆಯ ಮಾತಲ್ಲ. ಆದರೆ ‘ತಿಂಡಿ ಕಾಫಿ ಆಯ್ತಾ?’ ಎಂದು ಒಂದೇ ಉಸಿರಿನಲ್ಲಿ ಕೇಳುವ ನಾಡಿನಲ್ಲಿ ಇವೆರಡರ ನಡುವೆ ಒಂದು ಗಂಟೆ ತೂರಿಸುವುದೆಂದರೆ ದಂಪತಿಗಳನ್ನು ಬೇರೆ ಮಾಡಿದಂತೆ. ಕಂಪನಿ ಸೂಚಿಸುವ ರಾಜಿ: ಎದ್ದ ಕೂಡಲೇ ಒಂದು ಲೋಟ, ತಿಂಡಿ ಆದ ಮೇಲೆ ಆಫೀಸಿಗೆ ಹೋಗಿ ಇನ್ನೊಂದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆ ಒಂದು ಗಂಟೆ ತಾನಾಗಿಯೇ ಕಳೆಯುತ್ತದೆ. ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಅದೇ ಮಾರ್ಗಸೂಚಿ. 150 ಮಿಲಿಲೀಟರ್ ಬ್ರೂ ಮಾಡಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದಂತೆ. ‘ಬೈ ಟು’ ಹೇಳುವ ನಮ್ಮ ಪದ್ಧತಿಯನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನಿಗೆ ಇದು ಮೊದಲೇ ತಿಳಿದಿರಬೇಕು.

ಮಧ್ಯಾಹ್ನದ ಚಾಲನೆ

ಇದು ಮುಖ್ಯ. ತಟ್ಟೆ ಎದುರಿಗಿಟ್ಟುಕೊಂಡು ಓದಿ.

ಅದೇ ಮಾರ್ಗಸೂಚಿ 2000 ಕ್ಯಾಲೊರಿಯ ಒಂದು ತಟ್ಟೆಯನ್ನು ಚಿತ್ರ ಬರೆದು ತೋರಿಸಿದೆ. ದಿನವೊಂದಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಇದನ್ನು ಒಬ್ಬರ ತಟ್ಟೆಯ ಮೇಲೆ ನೋಡಿದರೆ ಏನೂ ಅನಿಸುವುದಿಲ್ಲ. ದಿನಸಿ ಚೀಟಿಯ ಮೇಲಿಟ್ಟು ನೋಡಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ಸುಮಾರು ಮೂರೂವರೆ ಲೀಟರ್ ಆಗುತ್ತದೆ. ನೀವು ತರುವ ಐದು ಲೀಟರಿನ ಕ್ಯಾನ್ ಎಷ್ಟು ದಿನ ಬರುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ಇರುವವರನ್ನು ಕೇಳಿ. ಕೇಳುವಾಗ ಧ್ವನಿಯಲ್ಲಿ ಆಪಾದನೆ ಇರಕೂಡದು. ಪೂರಿ ಬೇಕೆಂದವರು ನೀವೇ.

ತರಕಾರಿಯ ಲೆಕ್ಕ ಇನ್ನೂ ಮಜವಾಗಿದೆ. ನಾಲ್ಕು ಜನರಿಗೆ ದಿನಕ್ಕೆ 1.6 ಕೆಜಿ. ನಮ್ಮ ಬಹಳಷ್ಟು ಮನೆಗಳಲ್ಲಿ ಊಟವೆಂದರೆ ಗುಡ್ಡೆ ಅನ್ನ, ಅದರ ಸುತ್ತ ಸಾರಿನ ಕೆರೆ, ಅದರಲ್ಲಿ ಈಜುತ್ತಿರುವ ಎರಡು ಹೋಳು ಮೂಲಂಗಿ. ನಾವು ಸಸ್ಯಾಹಾರಿಗಳು ಎಂದು ಎದೆಯುಬ್ಬಿಸಿ ಹೇಳುವವರಲ್ಲಿ ಹೆಚ್ಚಿನವರು ಅಸಲಿಗೆ ಅನ್ನಾಹಾರಿಗಳು.

ದಾರಿ ಹಳೇ ಮೈಸೂರಿನ ಒಲೆಯ ಮೇಲೇ ಇದೆ. ಬಸ್ಸಾರು. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಆ ನೀರನ್ನು ಬಸಿದುಕೊಂಡು, ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯಿಸಿದ ನೀರೂ ಚೆಲ್ಲುವುದಿಲ್ಲ, ಸೊಪ್ಪೂ ತಟ್ಟೆಯ ಅರ್ಧ ತುಂಬುತ್ತದೆ. ಯಾವ ಡಯಟ್ ಪುಸ್ತಕದಲ್ಲೂ ಇದರ ಚಿತ್ರವಿಲ್ಲ, ಏಕೆಂದರೆ ಬಸ್ಸಾರು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ. ಜೋಳದ ರೊಟ್ಟಿಯವರಿಗೆ ಈ ಸೂಚನೆಯ ಅಗತ್ಯವೇ ಇಲ್ಲ: ಪುಂಡಿಪಲ್ಯ, ಹೆಸರುಕಾಳು, ಹಸಿ ಮೆಂತ್ಯ, ಸೌತೆಕಾಯಿ, ಈರುಳ್ಳಿ, ಶೇಂಗಾ ಹಿಂಡಿ, ಮೊಸರು. ಆ ಪೋಷಣ ಸಂಸ್ಥೆಯ ಚಿತ್ರ ಬರೆದವರು ಎಲ್ಲೋ ವಿಜಯಪುರದ ಕಡೆ ಉಂಡು ಬಂದಿರಬೇಕು. ಎಣ್ಣೆಗಾಯಿಯ ಎಣ್ಣೆಯನ್ನು ಮಾತ್ರ ಅವರು ನೋಡಿದಂತಿಲ್ಲ.

ಮುದ್ದೆಯ ವಿಷಯದಲ್ಲಿ ಆ್ಯಪ್‌ಗೂ ಈ ಕೈಪಿಡಿಗೂ ಭಿನ್ನಾಭಿಪ್ರಾಯವಿದೆ. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಿರಿ ಎನ್ನುತ್ತದೆ ಅದು. ಮುದ್ದೆಯನ್ನು ಅಗಿದವರನ್ನು ಮಂಡ್ಯದಲ್ಲಿ ಹೇಗೆ ನೋಡುತ್ತಾರೆಂದು ಅದಕ್ಕೆ ಗೊತ್ತಿಲ್ಲ. ಮುರಿಯಿರಿ, ಸಾರಿನಲ್ಲಿ ಅದ್ದಿ, ನುಂಗಿ. ಮೂವತ್ತೆರಡರ ಬಾಕಿಯನ್ನು ಪಲ್ಯದ ಮೇಲೆ ತೀರಿಸಿ.

ರಾಗಿಯೋ ಅಕ್ಕಿಯೋ ಎಂಬ ವಾದ ಹೊಸ ವರ್ಷದ ಸಂಕಲ್ಪಗಳಿಗಿಂತ ಹಳೆಯದು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ನರೆದಲಗವೂ ವ್ರೀಹಿಯೂ, ಅಂದರೆ ರಾಗಿಯೂ ಭತ್ತವೂ, ತಾನು ಮೇಲು ತಾನು ಮೇಲು ಎಂದು ಕಿತ್ತಾಡಿದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಭತ್ತ ಕಂಗೆಟ್ಟಿತು, ರಾಗಿ ಹಾಗೇ ಇತ್ತು, ಗೆದ್ದಿತು. ಆರು ತಿಂಗಳ ಪ್ರಯೋಗ, ಎರಡು ಗುಂಪು, ನಿಷ್ಪಕ್ಷಪಾತಿ ಪರೀಕ್ಷಕ. ಈಗಿನ ಅದೆಷ್ಟೋ ಡಯಟ್ಟುಗಳಿಗೆ ಇಷ್ಟು ಆಧಾರವೂ ಇರುವುದಿಲ್ಲ.

ಆ ಗೆಲುವಿನ ನಂತರ ರಾಗಿ ಬಡವರ ಮನೆಯಲ್ಲೇ ಉಳಿಯಿತು ಎಂಬುದು ಬೇರೆ ಮಾತು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟು, ರೈತರ ಕಣ ತುಂಬಿಸಿ, ‘ರಾಗಿ ಬ್ರಹ್ಮ’ ಎನಿಸಿಕೊಂಡರು. ಆಗಲೂ ಪೇಟೆಯವರು ಅನ್ನವನ್ನೇ ಉಂಡರು. ಕೊನೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಎಲ್ಲರಿಗೂ ಒಮ್ಮೆಲೇ ಜ್ಞಾಪಕ ಬಂತು. ಜನವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದ ಸಿರಿಧಾನ್ಯ ಮೇಳಕ್ಕೆ ಹೋಗಿ ನೋಡಿ. ನವಣೆ, ಸಾಮೆ, ಹಾರಕ, ಕೊರಲೆ, ಊದಲು, ಬರಗು ಎಲ್ಲವೂ ಒಳ್ಳೆ ಪ್ಯಾಕೆಟ್ ತೊಟ್ಟುಕೊಂಡು ನಿಂತಿರುತ್ತವೆ, ಅಕ್ಕಿಯನ್ನು ನಾಚಿಸುವ ಬೆಲೆ ಹೇಳಿಕೊಂಡು. ಪಕ್ಕದಲ್ಲೇ ಸಿರಿಧಾನ್ಯದ ಹೋಳಿಗೆ, ಸಿರಿಧಾನ್ಯದ ಕುಕ್ಕೀಸು, ತುಪ್ಪ ಸುರಿದ ಸಿರಿಧಾನ್ಯದ ಬಿಸಿಬೇಳೆಬಾತ್.

ರಾಗಿಯಲ್ಲಿ ಸುಣ್ಣದಂಶ ಹೆಚ್ಚು ಎಂಬುದು ನಿಜ, ನೂರು ಗ್ರಾಂ ಹಿಟ್ಟಿಗೆ ಸುಮಾರು 350 ಮಿಲಿಗ್ರಾಂ; ಅಕ್ಕಿ ಹತ್ತಿರಕ್ಕೂ ಬರುವುದಿಲ್ಲ. ನಾರಿನಂಶವೂ ಹೆಚ್ಚು. ಆದರೆ ಕ್ಯಾಲೊರಿ ಲೆಕ್ಕದಲ್ಲಿ ಇವೆರಡಕ್ಕೂ ಭಾರಿ ಅಂತರವಿಲ್ಲ. ಎರಡು ಮುದ್ದೆ ಮುಗಿಸಿ, ‘ನಾನು ಅನ್ನ ಕಡಿಮೆ ಮಾಡಿದ್ದೀನಿ’ ಎನ್ನುತ್ತ ಮೇಲೊಂದಿಷ್ಟು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳುವವರ ಸಂಕಲ್ಪವನ್ನು ಕಂಪನಿ ದುರಸ್ತಿ ಮಾಡಿಕೊಡುವುದಿಲ್ಲ.

ಅಳತೆ ಮತ್ತು ತೂಕ

ಈ ಕೈಪಿಡಿಯ ಗ್ರಾಂ, ಮಿಲಿಲೀಟರುಗಳು ನಿಮ್ಮ ಅಡುಗೆಮನೆಯಲ್ಲಿ ಚಲಾವಣೆಯಲ್ಲಿಲ್ಲ. ಅಲ್ಲಿ ನಡೆಯುವ ನಾಣ್ಯಗಳ ವಿನಿಮಯ ದರ ಹೀಗಿದೆ. ‘ಒಂಚೂರು’ ಎಂದರೆ ಒಂದು ಸೌಟು. ‘ಇನ್ನೊಂಚೂರು’ ಎಂದರೆ ಎರಡು. ‘ಅರ್ಧ ಹಾಕಿ’ ಎಂದು ನೀವು ಹೇಳಿದ ಅರ್ಧ, ಸೌಟಿನಿಂದ ಜಾರಿ ಎಲೆ ಮುಟ್ಟುವಷ್ಟರಲ್ಲಿ ಒಂದೂವರೆ ಆಗಿರುತ್ತದೆ. ‘ಬಾಯಿ ಸಿಹಿ ಮಾಡ್ಕೊಳ್ಳಿ’ ಎಂದರೆ ಕನಿಷ್ಠ ಒಂದು ಲಾಡು, ಎರಡನೆಯದು ಜೊತೆಗಿರಲಿ ಎಂದು. ‘ರುಚಿಗೆ’ ಎಂಬುದು ಉಪ್ಪಿನಕಾಯಿಯ ಅಳತೆ, ಅದಕ್ಕೆ ಮೇಲಿನ ಮಿತಿ ಇಲ್ಲ. (ವಿಶ್ವ ಆರೋಗ್ಯ ಸಂಸ್ಥೆ ದಿನವೊಂದಕ್ಕೆ ಹೇಳುವ ಉಪ್ಪು 5 ಗ್ರಾಮಿಗಿಂತ ಕಡಿಮೆ, ಹೆಚ್ಚೆಂದರೆ ಒಂದು ಚಹಾ ಚಮಚ; ಅದರಲ್ಲಿ ಸಾರು, ಪಲ್ಯ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಸೇರಿದೆ.) ಎಲ್ಲಕ್ಕಿಂತ ಅಪಾಯದ ಅಳತೆ, ‘ಇಷ್ಟೇ ಉಳಿದಿದೆ, ಖಾಲಿ ಮಾಡಿಬಿಡಿ, ಪಾತ್ರೆ ತೊಳೆಯಬೇಕು’. ಇದನ್ನು ಅಳೆಯುವ ಮಾಪಕ ಇನ್ನೂ ಬಂದಿಲ್ಲ. ಮನೆಯ ಗಂಡಸರ ಹೊಟ್ಟೆ, ಅದಕ್ಕಿಂತ ಹೆಚ್ಚಾಗಿ ಹೆಂಗಸರ ಹೊಟ್ಟೆ, ಎಷ್ಟೋ ಸಲ ಬೆಳೆದಿರುವುದು ಹಸಿವಿನಿಂದಲ್ಲ, ತೊಳೆಯಬೇಕಾದ ಪಾತ್ರೆಗಳಿಂದ.

ಎಚ್ಚರಿಕೆ: ಬಡಿಸುವವರು

ಈ ಉಪಕರಣವನ್ನು ಬಡಿಸುವವರಿಂದ ದೂರವಿಡಿ.

ಓಟ್ಸ್ ಡಬ್ಬದ ಮೇಲೆ ಬರೆದಿರುವ ವಿಧಾನಗಳೆಲ್ಲ ತಿನ್ನುವವನು ಒಬ್ಬನೇ ಕೂತು, ತಾನೇ ಬಡಿಸಿಕೊಂಡು, ತಾನೇ ನಿಲ್ಲಿಸುತ್ತಾನೆ ಎಂದು ಭಾವಿಸಿವೆ. ನಮ್ಮಲ್ಲಿ ಊಟವನ್ನು ನಿಲ್ಲಿಸುವ ಅಧಿಕಾರ ಉಣ್ಣುವವನ ಕೈಯಲ್ಲಿಲ್ಲ. ಅದು ಸೌಟು ಹಿಡಿದವರ ಕೈಯಲ್ಲಿದೆ. ಸಂಕ್ರಾಂತಿಯ ದಿನ ಅತ್ತೆಯ ಮನೆಯಲ್ಲಿ ನಡೆಯುವ ಮಾತುಕತೆಯ ಮಾದರಿಯನ್ನು ಇಲ್ಲಿ ಕೊಟ್ಟಿದೆ.

‘ಯಾಕಪ್ಪಾ, ಇಷ್ಟಕ್ಕೇ ಕೈ ಅಡ್ಡ ಇಟ್ಬಿಟ್ಟೆ?’

‘ಡಯಟ್ ಮಾಡ್ತಿದ್ದೀನಿ ಅತ್ತೆ.’

‘ಅಯ್ಯೋ! ಏನಾಯ್ತು? ಶುಗರ್ರಾ?’

‘ಶುಗರ್ ಏನಿಲ್ಲ.’

‘ಮತ್ತೆ ಡಾಕ್ಟ್ರು ಏನಂದ್ರು?’

‘ಡಾಕ್ಟ್ರು ಏನೂ ಅಂದಿಲ್ಲ ಅತ್ತೆ, ನಾನೇ...’

‘ನೀನೇನಾ? ಸದ್ಯ, ನಾನು ಹೆದರಿಕೊಂಡೇಬಿಟ್ಟೆ. ತಗೋ, ಪೊಂಗಲ್ಲು. ತುಪ್ಪ ಹಾಕ್ತೀನಿ, ಕೈ ತೆಗಿ.’

ಗಮನಿಸಿ. ನಮ್ಮ ಸಮಾಜದಲ್ಲಿ ಕಾಯಿಲೆಗೆ ಮರ್ಯಾದೆ ಇದೆ, ನಿರ್ಧಾರಕ್ಕಿಲ್ಲ. ಡಾಕ್ಟರು ಹೇಳಿದ್ದರೆ ಅದೇ ಅತ್ತೆ ಬೇರೆ ಒಲೆ ಹೊತ್ತಿಸಿ ಉಪ್ಪಿಲ್ಲದ ಅಡುಗೆ ಮಾಡಿಕೊಡುತ್ತಿದ್ದರು, ಕಣ್ಣಲ್ಲಿ ನೀರು ಹಾಕಿಕೊಂಡು. ಕಾಯಿಲೆ ಬರುವ ಮೊದಲೇ ಜಾಗ್ರತೆ ವಹಿಸುವುದನ್ನು ಅವರು ಸೊಕ್ಕು ಎಂದೋ, ಮಗಳ ಕಿತಾಪತಿ ಎಂದೋ ತಿಳಿಯುತ್ತಾರೆ. ಧಾರವಾಡದ ಕಡೆ ಇದೇ ಅಪಾಯ ಇನ್ನೂ ಮೃದುವಾಗಿ ಬರುತ್ತದೆ: ‘ಒಂದs ಒಂದ್ ಹೋಳಗಿ ರೀ, ಏನಾಗಂಗಿಲ್ಲ ತಗೋರಿ.’ ಏನಾಗಂಗಿಲ್ಲ ಎಂದು ಇಷ್ಟು ಖಚಿತವಾಗಿ ಭರವಸೆ ಕೊಡುವವರು ಆಸ್ಪತ್ರೆಯಲ್ಲೂ ಸಿಗುವುದಿಲ್ಲ.

ಮದುವೆ ಪಂಕ್ತಿಯಲ್ಲಿ ಸ್ಥಿತಿ ಗಂಭೀರ. ಅಲ್ಲಿ ಬಡಿಸುವವರು ವೃತ್ತಿಪರರು, ವೇಗವಾಗಿ ಬರುತ್ತಾರೆ. ನೀವು ಪಕ್ಕದವರ ಜೊತೆ ಮಾತಾಡುತ್ತ ತಲೆ ತಿರುಗಿಸಿದ್ದೇ ತಡ, ಎಲೆಯ ತುದಿಗೆ ಫೇಣಿ ಬಿದ್ದಿರುತ್ತದೆ. ಅಂಗೈಯಿಂದ ಎಲೆ ಮುಚ್ಚುವುದು ಹಳೆಯ ತಂತ್ರ, ಅವರು ಬೆರಳ ಸಂದಿಯಲ್ಲೇ ಬಡಿಸಬಲ್ಲರು. ಹೆಚ್ಚು ಫಲಕಾರಿಯಾದದ್ದು ಸಾರಿನ ಹೊತ್ತಿನಲ್ಲೇ ‘ಮಜ್ಜಿಗೆ ಬರಲಿ’ ಎಂದು ಕೂಗುವುದು. ಹಿರಿಯರು ಊಟಕ್ಕೆ ಇಟ್ಟ ಪೂರ್ಣವಿರಾಮ ಅದು. ಮಜ್ಜಿಗೆ ಬಿದ್ದ ಎಲೆಗೆ ಹಿಂದಕ್ಕೆ ಹೋಗಿ ಸಿಹಿ ಬಡಿಸುವ ಧೈರ್ಯ ಮಾಡುವವರು ಕಡಿಮೆ. ಆಗಲೂ ಮದುಮಗನ ಚಿಕ್ಕಪ್ಪ ಬಂದು, ಎದುರಿಗೆ ನಿಂತು, ‘ಏನೂ ತಗೊಂಡೇ ಇಲ್ವಲ್ಲ, ಸಾವಕಾಶವಾಗಿ ಊಟ ಮಾಡಿ’ ಎನ್ನುತ್ತ ಖುದ್ದು ಜಹಾಂಗೀರ್ ಇಟ್ಟರೆ ಮಾಡುವುದೇನೂ ಇಲ್ಲ. ತಿನ್ನಿ.

ಇದನ್ನು ಕೇವಲ ದೂರಿನಂತೆ ಓದಬೇಡಿ. ಒಂದು ಕಾಲದಲ್ಲಿ ನಿಜವಾಗಿಯೂ ತಟ್ಟೆಗೆ ಕಡಿಮೆ ಬೀಳುತ್ತಿತ್ತು. ಎರಡನೇ ಸಲ ಕೇಳಲು ಸಂಕೋಚಪಡುವ ಮಕ್ಕಳು, ಉಳಿದದ್ದರಲ್ಲಿ ಉಣ್ಣುವ ಹೆಂಗಸರು ಇದ್ದ ಮನೆಗಳಲ್ಲಿ ‘ಇನ್ನೊಂಚೂರು’ ಎನ್ನುವುದೇ ಪ್ರೀತಿಯನ್ನು ಹೇಳುವ ಮಾತಾಗಿತ್ತು. ಮನೆಯಲ್ಲಿ ಅಕ್ಕಿ ಹೆಚ್ಚಾಯಿತು, ಮಾತು ಬದಲಾಗಲಿಲ್ಲ. ಆದ್ದರಿಂದ ಅತ್ತೆಗೆ ಪೊಂಗಲ್ ಬಿಟ್ಟು ಬೇರೆ ಏನನ್ನಾದರೂ ಬಡಿಸಲು ಕೊಡಿ: ಹೆಸರುಬೇಳೆ ಕೋಸಂಬರಿ ಇನ್ನೊಂದು ಸಲ ಹಾಕಿಸಿಕೊಳ್ಳಿ, ಹುರುಳಿಕಾಯಿ ಪಲ್ಯವನ್ನು ಮೆಚ್ಚಿ ಕೇಳಿ. ‘ಪಲ್ಯ ಬಹಳ ಚೆನ್ನಾಗಿದೆ ಅತ್ತೆ, ಯಾರೂ ಹೀಗೆ ಮಾಡಲ್ಲ’ ಎಂದರೆ ಪಾತ್ರೆಯೇ ನಿಮ್ಮ ಮುಂದೆ ಬರುತ್ತದೆ. ದಿನದ 400 ಗ್ರಾಂ ತರಕಾರಿ ಒಂದೇ ಊಟದಲ್ಲಿ ಮುಗಿಯುತ್ತದೆ.

ಸಂಜೆ

ನಾಲ್ಕೂವರೆಯಿಂದ ಆರೂವರೆವರೆಗೆ ಉಪಕರಣ ತಾನಾಗಿ ಆಫ್ ಆಗುತ್ತದೆ. ಇದು ದೋಷವಲ್ಲ. ಚುರುಮುರಿಯವನು ನಿಂತಿರುವ ರಸ್ತೆಯಲ್ಲಿ ಮನೆಗೆ ಹೋಗುವುದಾದರೆ ಚುರುಮುರಿಯನ್ನೇ ತಿನ್ನಿ, ಬೋಂಡದ ಬಾಣಲೆ ದಾಟಿ ಹೋಗಬಹುದು.

ಪ್ಯಾಕೆಟ್ ಓದುವ ವಿಧಾನ

ಮುಂಭಾಗ ಓದಬೇಡಿ. ಅದರ ಮೇಲೆ ಗೋಧಿಯ ತೆನೆ, ಓಡುತ್ತಿರುವ ಯುವತಿ, ಹೃದಯದ ಚಿತ್ರ ಇರುತ್ತವೆ. ತಿರುಗಿಸಿ, ಭೂತಗನ್ನಡಿ ಹಿಡಿದು, ಪದಾರ್ಥಗಳ ಪಟ್ಟಿ ನೋಡಿ. ಹೆಚ್ಚು ತೂಕದ್ದನ್ನು ಮೊದಲು, ಕಡಿಮೆಯದ್ದನ್ನು ಕೊನೆಗೆ ಬರೆಯಬೇಕೆಂಬುದು ನಿಯಮ. ‘ಮಲ್ಟಿಗ್ರೇನ್’ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆಎಣ್ಣೆ ಇದ್ದು, ರಾಗಿ ಎಲ್ಲೋ ಕೊನೆಯ ಸಾಲಿನಲ್ಲಿ ಎರಡು ಶೇಕಡದೊಂದಿಗೆ ಮುದುಡಿ ಕೂತಿದ್ದರೆ, ರಾಗಿಯನ್ನು ಫೋಟೋಗೆ ಕರೆದಿದ್ದಾರೆ ಎಂದು ತಿಳಿಯಿರಿ. ಆಮೇಲೆ ‘ಪ್ರತಿ ಸರ್ವಿಂಗ್‌ಗೆ’ ಎಂಬ ಕಾಲಂ. ಅಲ್ಲಿ ಸಕ್ಕರೆ ಕಡಿಮೆ ಕಾಣುತ್ತದೆ, ಏಕೆಂದರೆ ಅವರ ಒಂದು ಸರ್ವಿಂಗ್ ಎಂದರೆ ಎರಡು ಬಿಸ್ಕತ್ತು. ಎರಡಕ್ಕೆ ನಿಲ್ಲಿಸಿದವರನ್ನು ಯಾರಾದರೂ ನೋಡಿದ್ದರೆ ತಿಳಿಸಿ.

ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎಂದು ಮಾರುವುದು ನಮಗೆಲ್ಲ ರೂಢಿಯಾಗಿತ್ತು. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಅಂಥ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಆ ಹೆಸರಿನ ಅಡಿಯಿಂದ ಪಾನೀಯಗಳನ್ನು ತೆಗೆಯಲು ಹೇಳಿತು. ಪುಡಿ ಮೊದಲಿನದ್ದೇ, ಕಪಾಟು ಬೇರೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಪುಡಿ ಮಾಡಿದ ಹಿಟ್ಟಿಗೆ ಜಾಹೀರಾತು ಕೊಡುವವರಿಲ್ಲ. ಕಂಪನಿ ಕೂಡ ಕೊಡುವುದಿಲ್ಲ, ಅದರಲ್ಲಿ ಲಾಭವಿಲ್ಲ.

ದೋಷ ಮತ್ತು ಪರಿಹಾರ

ತೂಕ ಇಳಿಯುತ್ತಿಲ್ಲ: ಯಂತ್ರವನ್ನು ನೆಲದ ಬೇರೆ ಟೈಲ್ಸ್ ಮೇಲಿಟ್ಟು ನೋಡುವುದನ್ನು ಬಿಡಿ.

ಉಪವಾಸದ ದಿನ ತೂಕ ಏರಿದೆ: ಏಕಾದಶಿಗೆ ಅನ್ನ ಬಿಟ್ಟು ಸಾಬುದಾನಿ ಖಿಚಡಿ, ಗೊಜ್ಜವಲಕ್ಕಿ, ಹಣ್ಣಿನ ರಸಾಯನ, ರಾತ್ರಿಗೆ ಉಪ್ಪಿಟ್ಟು ತೆಗೆದುಕೊಂಡಿರಬಹುದು. ‘ಫಲಾಹಾರ’ ಎಂಬ ವಿಭಾಗವನ್ನು ಈ ಮಾಡೆಲ್ ಬೆಂಬಲಿಸುವುದಿಲ್ಲ. ಹದಿನಾರು ಗಂಟೆ ಹಸಿದು ಎಂಟು ಗಂಟೆಯಲ್ಲಿ ಉಣ್ಣುವ ವಿದ್ಯೆಯನ್ನು ಫೋನಿನಲ್ಲಿ ದುಡ್ಡು ಕೊಟ್ಟು ಕಲಿಯುತ್ತಿರುವವರು, ಮನೆಯಲ್ಲಿ ಒಪ್ಪತ್ತು ಮಾಡುವ ಅಜ್ಜಿ ಇದ್ದರೆ ಅವರನ್ನು ವಿಚಾರಿಸಿ. ತರಬೇತಿ ಉಚಿತ, ಬೈಗುಳ ಜೊತೆಗೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಅಜ್ಜಿಯನ್ನಲ್ಲ, ಡಾಕ್ಟರನ್ನು ಕೇಳಿಯೇ ಹಸಿಯಬೇಕು. ಇದು ತಮಾಷೆಗೆ ಹೇಳಿದ್ದಲ್ಲ.

ಓಟ್ಸಿನ ರುಚಿ ಬರುತ್ತಿಲ್ಲ: ಬರುವುದಿಲ್ಲ.

ಓಟ್ಸಿಗೆ ಒಗ್ಗರಣೆ ಕೊಟ್ಟು ಉಪ್ಪಿಟ್ಟು ಮಾಡಲಾಗಿದೆ: ಮಾಡಬಹುದು. ಗೋಡಂಬಿ ಹಾಕಿದ್ದರೆ ವಾರಂಟಿ ರದ್ದು.

ವಾರಂಟಿ ಮತ್ತು ವಿನಿಮಯ

ಈ ಉಪಕರಣಕ್ಕೆ ಜನವರಿ 14ರವರೆಗೆ ಮಾತ್ರ ವಾರಂಟಿ. ಅನಂತರ ಕೆಟ್ಟರೆ ಹೊಸ ಮಾಡೆಲ್ ಯುಗಾದಿಗೆ ಸಿಗುತ್ತದೆ. ವರ್ಷಕ್ಕೆ ಎರಡು ಹೊಸ ವರ್ಷ ಇರುವ ಅನುಕೂಲ ಎಲ್ಲ ನಾಡಿನವರಿಗೂ ಇಲ್ಲ. ಬೇವಿನ ಹೂವು ನಾಲಿಗೆಗೆ ಸೋಕಿಸಿ, ಬೆಲ್ಲದ ಪಾಲನ್ನು ಮಾತ್ರ ಅಂಗೈ ತುಂಬ ತೆಗೆದುಕೊಂಡು, ಅಂದಿನ ಹೋಳಿಗೆ ಊಟ ಮುಗಿಸಿ ಅರ್ಜಿ ಹಾಕಬಹುದು. ಹಳೇ ಮೈಸೂರು ಭಾಗದ ಗ್ರಾಹಕರ ಗಮನಕ್ಕೆ: ಯುಗಾದಿಯ ಮರುದಿನ ಹೊಸತೊಡಕು ಇರುವುದರಿಂದ, ಬೆಳಗಿನ ಜಾವಕ್ಕೇ ಮಟನ್ ಅಂಗಡಿಯ ಮುಂದೆ ಸಾಲು ನಿಲ್ಲಬೇಕಾದುದರಿಂದ, ಹಳ್ಳಿಯಲ್ಲಿ ಗುಡ್ಡೆಮಾಂಸಕ್ಕೆ ಮೊದಲೇ ಹೆಸರು ಕೊಟ್ಟಿರುವುದರಿಂದ, ನಿಮ್ಮ ಮನೆಗೆ ನಮ್ಮ ತಂತ್ರಜ್ಞರು ಬರುವುದು ಮೂರನೇ ದಿನ. ಸಾರು ಉಳಿದಿದ್ದರೆ ನಾಲ್ಕನೇ ದಿನ.

ಹಳೆಯ ಮಾಡೆಲ್ಲನ್ನು ವಾಪಸ್ ತೆಗೆದುಕೊಳ್ಳಲಾಗುತ್ತದೆ. ಮುಕ್ಕಾಲು ಕೆಜಿ ಉಳಿದಿರುವ ಓಟ್ಸನ್ನು ತೆಗೆದುಕೊಳ್ಳುವುದಿಲ್ಲ.